ನಲವತ್ತೇಳನೆಯ ಪ್ರಶ್ನೆ

ಗೈಡು ಒಂದೇ. ಹುಬ್ಬಳ್ಳಿಯ ಹಳೇ ಪುಸ್ತಕದಂಗಡಿಯಲ್ಲಿ
ಚೌಕಾಸಿ ಮಾಡಿ ನಾನೂರಕ್ಕೆ ತಂದದ್ದು.
ಇನ್ನೂರು ನನ್ನದು, ಇನ್ನೂರು ಜೈತೂನಳದು.
ಓದುವವರು ಇಬ್ಬರು, ಲಾ ಎಂಟ್ರನ್ಸಿಗೆ ಎಪ್ಪತ್ತು ದಿನ,
ಮೇಲೆ ಬಿ.ಎ. ಕೊನೆಯ ಸೆಮಿಸ್ಟರು ಬೇರೆ.

ಬೆಟಗೇರಿಯಲ್ಲಿ ಅವಳ ಅಬ್ಬಾನ ಬೈಂಡಿಂಗ್ ಕೋಣೆ.
ಮೈದಾ ಅಂಟಿನ ಹುಳಿವಾಸನೆ. ಗೋಡೆಗೊರಗಿದ ರಟ್ಟು.
ಯಾವುದೋ ಪಂಚಾಯ್ತಿಯ ಲೆಜರುಗಳು ಬೆನ್ನು ಬಿಚ್ಚಿಕೊಂಡು
ದವಾಖಾನೆಯ ಸರದಿಯಲ್ಲಿದ್ದವರ ಹಾಗೆ ಕೂತಿದ್ದವು.
ದಸ್ತಗೀರ ಚಾಚಾ ಗೈಡನ್ನು ಅಂಗೈಯಲ್ಲಿ ತೂಗಿದರು.
"ನಡಕ ಬಿಚ್ಚಿ ಎರಡ ಮಾಡ್ಲೇನು?"
ಹೊಲಿಗೆ ಬಿಚ್ಚುವಾಗ ಅವರ ಉಗುರಿಗೆ ಅವಸರವಿರಲಿಲ್ಲ.
ಎರಡಕ್ಕೂ ಹೊಸ ರಟ್ಟು, ಕೆಂಪು ಬಟ್ಟೆಯ ಬೆನ್ನು.

ಮುನ್ನೂರ ಹನ್ನೆರಡನೆಯ ಪುಟದವರೆಗೆ ನನ್ನ ಪಾಲು.
ಮನೆಗೆ ಬಂದು ತೆರೆದರೆ
ಪ್ರಶ್ನೆಗಳೆಲ್ಲ ನನ್ನ ಹತ್ತಿರ,
ಉತ್ತರಗಳೆಲ್ಲ ಅವಳ ಹತ್ತಿರ.

ನಳ ಬರುವ ರಾತ್ರಿ, ಅದೂ ಹನ್ನೊಂದು ದಿನಕ್ಕೊಮ್ಮೆ,
ಕೊಡಗಳ ನಡುವೆ ಕೂತು ತರ್ಕದ ಅಧ್ಯಾಯ.
ತುಂಬುತ್ತ ಬಂದಂತೆ ಕೊಡದ ದನಿ ತೆಳುವಾಗುತ್ತದೆ,
ಅಷ್ಟರಲ್ಲಿ ಒಂದು ಲೆಕ್ಕ ಮುಗಿಯಬೇಕು.
ರಕ್ತಸಂಬಂಧದ ಪ್ರಶ್ನೆ ಬಂದರೆ ನಾನು ಸೋತೆ.
ನಮ್ಮವ್ವ ಸೋದರಮಾವನನ್ನೇ ಮದುವೆಯಾದವಳು,
ಅವ್ವನ ಅವ್ವ ನನಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು.
ಕಪ್ಪು ಮಾಡಲು ವೃತ್ತ ಒಂದೇ.
ತಪ್ಪಿದರೆ ಕಾಲು ಅಂಕ ಕಡಿತ.

ಸಂಜೆ ಭೀಷ್ಮ ಕೆರೆ ದಂಡೆಯಲ್ಲಿ ನಾನು ಓದಿ ಹೇಳುತ್ತೇನೆ,
ಅವಳು ಕೊನೆಯ ಹಾಳೆಗಳಲ್ಲಿ ಬೆರಳಿಟ್ಟು
ಹೂಂ, ಊಹೂಂ.
"ರಾತ್ರಿ ಒಬ್ಬಾಕಿ ಇದ್ದಾಗ ಕದ್ದು ನೋಡಂಗಿಲ್ಲೇನು?"
"ಏನ್ ನೋಡ್ಲಿ? ಪ್ರಶ್ನೇನ ಇಲ್ಲಲ್ಲ ನನ್ನ ಕಡೆ.
ಬರೇ ಎ, ಸಿ, ಸಿ, ಡಿ. ಓದಿದ್ರ ಯಾರೋ ಬಿಕ್ಕಿದಂಗ ಕೇಳ್ತೈತಿ."

ನಲವತ್ತೇಳನೆಯದು ಬಂತು.
ತತ್ತ್ವ: ಅಪ್ರಾಮಾಣಿಕ ಉದ್ದೇಶದಿಂದ ಪರರ ವಸ್ತು ಒಯ್ದರೆ ಕಳವು.
ಸಂಗತಿ: ಖಾನಾವಳಿಯಲ್ಲಿ ಉಂಡು ಹೊರಬಂದವನೊಬ್ಬ
ತನ್ನವೇ ಎಂದು ತಿಳಿದು ಇನ್ನೊಬ್ಬನ ಚಪ್ಪಲಿ ಮೆಟ್ಟಿ ನಡೆದ.
ನಾನು: ಕಳವಲ್ಲ.
ಪುಸ್ತಕ: ಕಳವು.
ಜೈತೂನ ಮೂರು ಸಲ ಬೆರಳು ಸರಿಸಿ ನೋಡಿದಳು. ಅದೇ.
ಕತ್ತಲಾಗುವವರೆಗೆ ಜಗಳ,
ನಾನು ಪುಸ್ತಕದ ಪರ, ಅವಳು ನನ್ನ ಪರ.

ಚಾಚಾ ದಾರಕ್ಕೆ ಮೇಣ ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ.
"ಅಚ್ಚಾದದ್ದೆಲ್ಲ ಖರೆ ಇದ್ದಿದ್ರ
ನಾ ಎಷ್ಟ ಶಾಣ್ಯಾ ಆಗಬೇಕಿತ್ತ, ಬೇಟಿ.
ಮೂವತ್ತ ವರ್ಷ ಅದನ್ನ ಹೊಲದೀನಿ."
ಜೈತೂನ ಪೆನ್ನು ತೆಗೆದು ಬಿ ಹೊಡೆದಳು, ಪಕ್ಕದಲ್ಲಿ ಡಿ.
ಅಚ್ಚಿನ ಮೇಲೆ ಬರೆದದ್ದು ಅದೇ ಮೊದಲು.
ಒಣಗಲಿ ಎಂದು ಇಬ್ಬರೂ ಊದಿದೆವು.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ಬೆಳಗಿನ ಪ್ಯಾಸೆಂಜರು,
ಅಣ್ಣಿಗೇರಿಯಲ್ಲಿ ಚಹಾ, ಹಾಲ್‌ಟಿಕೆಟ್ಟನ್ನು ನಾಲ್ಕು ಸಲ ತೆಗೆದದ್ದು.
ಗೇಟಿನಲ್ಲಿ ವಾಚು ಬಿಚ್ಚಿಸಿದರು, ಬಳೆ ತೆಗೆಸಿದರು,
ಚಪ್ಪಲಿ ಅಲ್ಲೇ ಬಿಡಬೇಕಂತೆ.
ತಣ್ಣನೆಯ ಕಡಪ ಕಲ್ಲಿನ ಮೇಲೆ ಎರಡು ತಾಸು ಬರಿಗಾಲು.
ಹನ್ನೆರಡು ಪ್ರಶ್ನೆ ಖಾಲಿ ಬಿಟ್ಟೆ.
ಬಿಡುವುದನ್ನೂ ಕಲಿಯಬೇಕಾಗಿತ್ತು, ಕಲಿತಿದ್ದೆ.

ಹೊರಗೆ ಚಪ್ಪಲಿಗಳ ರಾಶಿ, ನೂರಾರು ಕಾಲುಗಳ ಅವಸರ.
ಬಲಗಾಲಿನದು ನನ್ನದೇ, ಉಂಗುಟ ಸವೆದದ್ದು.
ಎಡಗಾಲಿನದರ ಬಣ್ಣ ಅದೇ, ಅಳತೆಯೂ ಅದೇ.
ಸ್ಟೇಷನ್ನಿನವರೆಗೂ ಜೈತೂನ ನನ್ನ ಕಾಲನ್ನೇ ನೋಡುತ್ತ ಬಂದಳು.
"ಅಂವಗ ಗೊತ್ತಿರಲಿಲ್ಲ," ಎಂದಳು ಕೊನೆಗೆ, "ಖಾನಾವಳಿಯವಗ."

ನಾನು ಮಿರ್ಚಿಯ ಕಾಗದ ಬಿಡಿಸುತ್ತಿದ್ದೆ.
ಎಡಗಾಲಿನದು ಸ್ವಲ್ಪ ಹೊಸದು.
ಮೆಟ್ಟುವ ಮೊದಲೇ ಗೊತ್ತಾಗಿತ್ತು ನನಗೆ.